ಅಣ್ಣ ಕುಡಿಯುತ್ತಿರಲಿಲ್ಲ

ಅಣ್ಣ ಕುಡಿದು ಹಾಳಾದ, ಅದಕ್ಕೇ ಹೆಂಡತಿ ಬಿಟ್ಟುಹೋದಳು ಎಂದು ವಿಜಯನಗರದ ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಕುಡಿದದ್ದನ್ನು ಕಂಡವರು ಯಾರು? ವಾಸನೆ ಹಿಡಿದವರು? ಯಾರೂ ಇಲ್ಲ. ಸಾಕ್ಷಿ ಒಬ್ಬಳೇ, ಅದು ನಾನು — ಸುಳ್ಳು ಹೇಳಿದೆ, ಅತ್ತಿಗೆ.

ಎಂಬತ್ತಮೂರರ ಬೇಸಿಗೆ. ನೀವು ಬಾಣಂತನಕ್ಕೆ ಕೆಂಗೇರಿಯ ತವರಿನಲ್ಲಿದ್ದಿರಿ. ಅಣ್ಣ ಮಾಗಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದ, ಹಣೆಗೆ ಹೊಲಿಗೆ ಬಿತ್ತು, ವಾಸಿಯಾಯಿತು ಎಂದು ಹೇಳಿಕಳಿಸಿದೆವು. ವಾಸಿಯಾದದ್ದು ಚರ್ಮ ಮಾತ್ರ. ಆಸ್ಪತ್ರೆಗೆ ಜೊತೆಗೆ ಹೋದವಳು ನಾನು.

"ಹಣೆ ಹಿಂದೆ ಮೆದುಳಿಗೇ ಪೆಟ್ಟಾಗಿದೆ. ಕೋಪ ಬಂದ್ರೆ, ಅಳು ಬಂದ್ರೆ ತಡ್ಕೊಳ್ಳೋಕಾಗಲ್ಲ. ಬೇಕಂತ ಮಾಡೋದಲ್ಲಮ್ಮ ಅದು. ಅವರ ಎದುರಿಗೆ ವಾದಕ್ಕೆ ಮಾತ್ರ ನಿಲ್ಬೇಡಿ," ಎಂದರು ಡಾಕ್ಟರು.

ವಾದಕ್ಕೆ ನಿಲ್ಲಬೇಡಿ — ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋತೇ ಗೊತ್ತಿಲ್ಲದ ನನಗೆ.

ಆಗ ರಾಜಾಜಿನಗರದವರು ನನ್ನನ್ನು ನೋಡಿ ಹೋಗಿದ್ದರು, ಉತ್ತರ ಬರಬೇಕಿತ್ತು. "ಕುಡುಕನ ತಂಗೀನ ತಗೋತಾರೆ ಕಣಮ್ಮ," ಎಂದರು ಅಪ್ಪ. "ತಲೆ ಕೆಟ್ಟೋನ ತಂಗೀನ ಯಾರೂ ತಗೊಳ್ಳಲ್ಲ." ಜಾತಕ, ದೃಷ್ಟಿ, ದೇವರು, ಎಲ್ಲವನ್ನೂ ಪ್ರಶ್ನಿಸುತ್ತಿದ್ದವಳು ಇದೊಂದನ್ನು ಪ್ರಶ್ನಿಸಲಿಲ್ಲ. ಗಂಡು ನನಗೆ — ಹೇಳಿಯೇಬಿಡುತ್ತೇನೆ — ಇಷ್ಟವಾಗಿದ್ದ.

ನೀವು ಮಗುವನ್ನೆತ್ತಿಕೊಂಡು ಬಂದ ದಿನ ನಿಮ್ಮ ತಂದೆ ಕೇಳಿದರು: "ಏನಪ್ಪ ಅಳಿಯಂದ್ರೇ, ಬೀದೀಲೆಲ್ಲ ಜಗಳ ಅಂತೆ?"

ಅಣ್ಣ ನನ್ನತ್ತ ತಿರುಗಿ ನಕ್ಕ. "ನಂಗೆ ಸರಿಯಾಗಿ ಹೇಳೋಕೆ ಬರಲ್ಲ ಮಾವ, ಈ ವಕೀಲಮ್ಮನ್ನ ಕೇಳಿ. ಹೇಳೇ ಪುಟ್ಟಿ, ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಏನೂ ಅಂದಿಲ್ಲ. ಕುಡಿಯೋದು ಬಿಡ್ಲಿ, ಸರಿಹೋಗ್ತಾನೆ."

ಎದುರಾಳಿ ಕೂಗಾಡಿದರೆ ನಾವು ಗೆದ್ದಂತೆ — ವೇದಿಕೆಯಲ್ಲಿ ಕಲಿತ ಪಟ್ಟು. ಅವನು ಕೂಗಾಡುತ್ತಾನೆಂದು ನನಗೆ ಗೊತ್ತಿತ್ತು. ಅವನಿಗೆ ತಡೆದುಕೊಳ್ಳಲಾಗದು ಎಂದೂ ಗೊತ್ತಿತ್ತು. ಕಾಫಿ ಲೋಟ ನಿಮ್ಮ ತಲೆಯ ಪಕ್ಕದ ಗೋಡೆಗೆ ಬಡಿಯಿತು. ಮಗು ಬೆಚ್ಚಿ ಅತ್ತಿತು. ನೀವು ಕುಂಕುಮವನ್ನೂ ಇಟ್ಟುಕೊಳ್ಳದೆ ಹೊರಟಿರಿ.

ಆ ಮದುವೆಯೂ ಆಗಲಿಲ್ಲ. ರಾಜಾಜಿನಗರದವರಿಗೆ ಕುಡುಕನೂ ಬೇಡವಾಗಿದ್ದ. ಅಪ್ಪ ನನಗೆ ಮೋಸ ಮಾಡಿದರೆಂದು ಬಹಳ ದಿನ ಕುದ್ದೆ. ಕುದಿಯುವ ಹಕ್ಕು ಯಾರಿಗಿತ್ತು —

ನಿಮ್ಮ ಮಗಳು ಈಗ ಶಾಲೆಗೆ ಹೋಗುತ್ತಿರಬೇಕು. ಭಾನುವಾರ ಕೆಂಗೇರಿಗೆ ಬಂದು ಇಷ್ಟನ್ನೂ ನಿಮ್ಮ ತಂದೆಯ ಎದುರಿಗೇ ಹೇಳುತ್ತೇನೆ. ಬಾಗಿಲು ತೆಗೆಯುವುದೂ ಬಿಡುವುದೂ ನಿಮಗೆ ಸೇರಿದ್ದು.

ನೀವು ಹೋದ ಆ ಸಂಜೆ ಅಣ್ಣ ಸೊಟ್ಟಾದ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತ. ಬೈಯಲಿಲ್ಲ. ಪೆಟ್ಟು ಬಿದ್ದ ಮೇಲೆ ಅವನ ನೆನಪು ಅಲ್ಲಲ್ಲಿ ಹರಿದಿತ್ತು. ತನ್ನ ತಲೆಗಿಂತ ನನ್ನ ಮಾತನ್ನೇ ಹೆಚ್ಚು ನಂಬುತ್ತಿದ್ದ. ಮೆಲ್ಲಗೆ ಕೇಳಿದ:

"ನಾನು ಯಾವಾಗ ಕುಡಿದೆ, ಪುಟ್ಟಿ?"