ರೇಡಿಯೋದಲ್ಲಿ ಮುರಿದ ರೊಟ್ಟಿ

ಇವತ್ತು ಬೈಲಹೊಂಗಲದ ನಮ್ಮ ಮನೆಗೆ ಕಾಲೇಜು ರೇಡಿಯೋದ ಹುಡುಗಿಯೊಬ್ಬಳು ನನ್ನ ಸಂದರ್ಶನಕ್ಕೆ ಬಂದಳು. ಅವಳ ಮೈಕ್ ಕಂಡಿದ್ದೇ ತಡ, ನನ್ನ ಮನಸ್ಸು ಬಾಲ್ಯಕ್ಕೆ, ಅಜ್ಜಿಯ ಖಾನಾವಳಿಗೆ ಹಾರಿಬಿಟ್ಟಿತು!

ಕಾಲೇಜು ಹುಡುಗರಿಗೆ ಉಣಬಡಿಸುತ್ತಿದ್ದ ಅಜ್ಜಿಯನ್ನು ಮಾತಾಡಿಸಲು ಆಗಲೂ ರೇಡಿಯೋದವರು ಬಂದಿದ್ದರು. “ಮೊದಲ ಉಣ್ರಿ, ಆಮ್ಯಾಲೆ ಮಾತು,” ಎಂದು ಅಜ್ಜಿ ಕಡಕ್ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅವರು ಉಣ್ಣುವಾಗಲೂ ಮೈಕ್ ಪಕ್ಕದಲ್ಲೇ ಚಾಲೂ ಇತ್ತು.

ಪ್ರಸಾರದ ದಿನ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ. ಅಜ್ಜಿಯ ದನಿ ಬರುತ್ತದೋ ಇಲ್ಲವೋ ಎಂದು ನಾನು ರೇಡಿಯೋಗೆ ಕಿವಿ ಹಚ್ಚಿ ಕೂತೆ. ಮಾತಿಗಿಂತ ಮೊದಲು ‘ಕಟಕ್’ ಎಂದಿತು ರೇಡಿಯೋ. ಅಜ್ಜಿ ಎದ್ದು ನಿಂತೇಬಿಟ್ಟಳು: “ಕೇಳಿದ್ರೇನ್ರಿ? ಅದು ನನ್ನ ರೊಟ್ಟಿ!”

ಈಗ ನನ್ನೆದುರಿನ ಹುಡುಗಿ ಮೊದಲ ಪ್ರಶ್ನೆ ಕೇಳಿದಳು. ನಾನು ಕಡಕ್ ರೊಟ್ಟಿಯ ತಾಟು ಮುಂದೆ ಸರಿಸಿದೆ. “ಮೈಕ್ ಚಾಲೂ ಇರ್ಲಿ ತಂಗಿ. ಮೊದಲ ರೊಟ್ಟಿ ಮುರಿ.”