ಕಲ್ಲು, ಚೀಟಿ, ಬಿಲ್ಲೆ

ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ಶಿಶುವಿಹಾರದಲ್ಲಿ ಮುನಿಸ್ವಾಮಿ ಜವಾನ. ಓದಿದ್ದು ಮೂರನೇ ಕ್ಲಾಸು. ನ್ಯಾಯದ ಮಾತು ಬಂದರೆ ಪದವೀಧರರನ್ನೂ ಪಕ್ಕಕ್ಕೆ ಕೂರಿಸುತ್ತಿದ್ದ.

ಎಲ್‌ಕೆಜಿಗೆ ಮೂವತ್ತು ಸೀಟು, ಬರುವವರು ನೂರು. ಸೀಮೆಎಣ್ಣೆ ಡಿಪೋ ಮುಂದೆ ಡಬ್ಬ ಇಡುವ ಹಾಗೆ ಅಪ್ಪಂದಿರು ಗೇಟಿನಿಂದ ಮೂಲೆಯ ತನಕ ಕಲ್ಲು, ಚಪ್ಪಲಿ, ಹರಕು ಚೀಲ ಇಟ್ಟು ಜಾಗ ಹಿಡಿಯುತ್ತಿದ್ದರು. ಆಳುಕಾಳು ಇದ್ದವರ ಕಲ್ಲೇ ಯಾವಾಗಲೂ ಮುಂದೆ. ೧೯೯೭ರಲ್ಲಿ ಮುನಿಸ್ವಾಮಿ ಹೆಡ್‌ಮಿಸ್ಸು ಶೈಲಜಮ್ಮನವರಿಗೆ ಹೇಳಿಯೇಬಿಟ್ಟ: "ಅಮ್ಮಾ, ಇಸ್ಕೂಲಿಗೆ ಸೇರೋದು ಕಲ್ಲಲ್ಲ, ಮಕ್ಕಳು. ಚೀಟಿ ಎತ್ಬಿಡಾಣ."

ಮಗುವಿನ ಹೆಸರು ಬರೆದ ಚೀಟಿಯನ್ನು ಮನೆಯಿಂದಲೇ ಮಡಿಸಿ ತರಬೇಕೆಂದಾಯಿತು. ಬಂದ ಚೀಟಿಗಳಲ್ಲಿ ಮುನಿಸ್ವಾಮಿಯ ಮೊಮ್ಮಗಳು ರಕ್ಷಿತಾಳದೂ ಒಂದು. ಆ ಮನೆತನದಲ್ಲಿ ಶಿಶುವಿಹಾರದ ಹೊಸಿಲು ತುಳಿಯಬೇಕಿದ್ದ ಮೊದಲ ಮಗು ಅವಳು.

ಶೈಲಜಮ್ಮ ಕಣ್ಣು ಮುಚ್ಚಿ ಹಿತ್ತಾಳೆ ಕೊಳಗಕ್ಕೆ ಕೈಹಾಕಿದರು. ಐದನೆಯದೇ ರಕ್ಷಿತಾ. ಮುನಿಸ್ವಾಮಿಯ ಹೆಂಡತಿ ವಿಶಾಲಮ್ಮ ನಿಂತಲ್ಲೇ ಕೈಮುಗಿದಳು. ಅವನು ಮಾತ್ರ ಎದ್ದ ಚೀಟಿಗಳನ್ನು ತಿರುವಿ ತಿರುವಿ ನೋಡಿದ. ಐದಕ್ಕೆ ಐದೂ ಹಳದಿ. ಗುಡಿಯಲ್ಲಿ ಪೂಜೆ ಮಾಡಿಸಿ, ಅರಿಶಿನ ಮೆತ್ತಿ, ದಾರ ಸುತ್ತಿದ ಚೀಟಿಗಳು ಬೆರಳಿಗೆ ದಪ್ಪಗೆ ಸಿಗುತ್ತಿದ್ದವು. ಬರಿ ಕಾಗದದವು ಜಾರುತ್ತಿದ್ದವು.

"ನಮ್ದಕ್ಕೂ ದಾರ ಸುತ್ತಿದ್ಯಾ?"

"ದೊಡ್ಡ ಗಣಪನ ಪಾದಕ್ಕೆ ಮುಟ್ಸಿದೀನಿ. ಸುಮ್ಕಿರಿ," ಎಂದಳು ವಿಶಾಲಮ್ಮ.

ಮುನಿಸ್ವಾಮಿ ಕೊಳಗದ ಬಾಯಿಗೆ ಕೈ ಅಡ್ಡ ಇಟ್ಟ. "ಅಮ್ಮಾ, ಇದು ನಡೆಯಂಗಿಲ್ಲ. ಮೊದಲಿಂದ ಎತ್ತಿ."

ಎರಡನೇ ಚೀಟಿಯಲ್ಲಿ ಮಗ ಆಕರ್ಷನಿಗೆ ಸೀಟು ಬಂದಿದ್ದ ಗುಮಾಸ್ತ ರಾಮಾನುಜ ರೇಗಿದರು. "ಏನಯ್ಯಾ, ಬಡಿಸಿದ ಎಲೆ ಎಳೀತೀಯಲ್ಲ? ನಿನ್ನ ಮೊಮ್ಮಗಳದ್ದೂ ಹೋಗುತ್ತೆ, ಗೊತ್ತಾ?"

"ಹೋಗುತ್ತೆ ಅಂತ್ಲೇ ಸ್ವಾಮಿ ಹೇಳ್ತಿರೋದು. ನನ್ನದು ಹೋಗದಿದ್ರೆ ಈ ಮಾತಾಡೋಕೆ ನನಗೆ ಬಾಯಿ ಎಲ್ಲಿತ್ತು?"

ಶೈಲಜಮ್ಮ ಒಪ್ಪಿದರು. ಹತ್ತಿರದ ಸೈಕಲ್ ಸ್ಟ್ಯಾಂಡಿನಿಂದ ನಂಬರು ಒತ್ತಿದ ತಗಡಿನ ಬಿಲ್ಲೆಗಳು ಬಂದವು. ಎಲ್ಲಕ್ಕೂ ಒಂದೇ ಅಳತೆ, ಒಂದೇ ತೂಕ. ಮಗುವಿಗೊಂದು ನಂಬರು. ಆಕರ್ಷ ಇಪ್ಪತ್ತೊಂಬತ್ತನೆಯವನಾಗಿ ಬಚಾವಾದ. ರಕ್ಷಿತಾಳ ಬಿಲ್ಲೆ ಎದ್ದದ್ದು ಮೂವತ್ತನಾಲ್ಕನೆಯದಾಗಿ. ಯಾರಾದರೂ ಸೀಟು ಬಿಟ್ಟರೆ ಕರೆಯುವ ಪಟ್ಟಿಯಲ್ಲಿ ಅವಳು ನಾಲ್ಕನೆಯವಳು.

ಜೂನಿನಲ್ಲಿ ಮೂರು ಸೀಟು ತೆರವಾದವು. ಮೂರು ಮನೆಗೂ ಮುನಿಸ್ವಾಮಿಯೇ ಹೋಗಿ ಹೇಳಿ ಬಂದ. ನಾಲ್ಕನೆಯದು ತೆರವಾಗಲೇ ಇಲ್ಲ. ವಿಶಾಲಮ್ಮ ಒಂದು ವಾರ ಮುದ್ದೆ ಇಟ್ಟಳು, ಸಾರು ಬಿಡಲಿಲ್ಲ.

ಕೊನೆಗೆ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುದಿಯ ಅಂಗನವಾಡಿಗೆ ಹೋದ. ಅಲ್ಲಿ ಚೀಟಿಯಿಲ್ಲ, ಬಿಲ್ಲೆಯಿಲ್ಲ. ಬಂದ ಮಕ್ಕಳೆಲ್ಲ ಒಳಗೆ. ಅವಳನ್ನು ಬಿಟ್ಟಮೇಲೂ ಮುನಿಸ್ವಾಮಿ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ.