ಕೂಸಿನ ಜೊತೆ ಹಾರುವವಳು
ಕಾಡುಗೋಡಿಯ ಬಾಡಿಗೆ ಕೋಣೆಯಿಂದ ಯಮುನಾಳ ಅಪಾರ್ಟ್‌ಮೆಂಟಿಗೆ ಮಗು ನೋಡಿಕೊಳ್ಳಲು ಬರುವ ಮಹಾದೇವಿ, ಆ ಮನೆಯವರು ಪ್ರವಾಸ ಹೊರಟಾಗಲೆಲ್ಲ ವಿಮಾನವನ್ನೂ ಹತ್ತಬೇಕು. ವಿಮಾನದ ಭರ್ರೆನ್ನುವ ಟಾಯ್ಲೆಟ್ಟು ತನ್ನನ್ನೂ ಎಳೆದುಕೊಂಡೀತೆಂದು ಹೆದರಿ ಅಂದು ಬೆಳಗಿನಿಂದ ನೀರು ಮುಟ್ಟುವುದಿಲ್ಲ. ತನ್ನ ಕಿವಿ ಸಿಡಿಯುತ್ತಿದ್ದರೂ ಮಗುವಿನ ಕಿವಿ ಮುಚ್ಚಿ ಕೂರುತ್ತಾಳೆ. ಅದು ಕಕ್ಕಿದ್ದನ್ನು ಸೆರಗಿನಲ್ಲೇ ಹಿಡಿಯುತ್ತಾಳೆ. ಪಕ್ಕದಲ್ಲಿ ಗಂಡ ಹೆಂಡತಿ ಸಿನಿಮಾ ನೋಡುತ್ತಿರುತ್ತಾರೆ. “ಸುಸ್ತಾಯ್ತಾ ಮಹಾದೇವಿ?” ಎಂದು ಯಮುನಾ ಕೇಳಿದರೆ, “ನಂಗೇನಾಗ್ತೈತ್ರಿ ಅಕ್ಕಾರ, ಆರಾಮ ಕುಂತೀನಲ್ರಿ” ಎನ್ನುತ್ತಾಳೆ. ಮೊನ್ನೆ ವಿಮಾನ ಧಡಕ್ಕನೆ ಕುಸಿದು ಒಂದೇ ಸಮನೆ ನಡುಗತೊಡಗಿದಾಗ ಯಮುನಾ ಮಗುವನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಗಂಡ ಇಬ್ಬರನ್ನೂ ತಬ್ಬಿದ. ಮಹಾದೇವಿಯ ಕೈಗಳಿಗೆ ಹಿಡಿಯಲು ಏನೂ ಉಳಿಯಲಿಲ್ಲ. “ಅಕ್ಕಾರ, ಕೂಸಿನ್ನ ಒಂದೀಟ ಕೊಡ್ರಿ, ನಂಗ ಭಾಳ ಅಂಜಿಕಿ ಆಗಾಕತ್ತೈತ್ರಿ” ಎಂದಳು. “ಈಗ ಬೇಡ ಮಹಾದೇವಿ” ಎಂದಳು ಯಮುನಾ, ಕಣ್ಣು ತೆರೆಯದೆ.